ಮಧ್ಯಾಹ್ನದ ಡಬ್ಬಿ, ನಡುರಾತ್ರಿಯ ಅಡುಗೆಮನೆ

ನಮ್ಮ ಕಾರಿನ ಹಿಂದಿನ ಸೀಟಿನ ಕೆಳಗೆ ಮೂರು ಊಟದ ಡಬ್ಬಿ ಸಿಕ್ಕಿದ್ದವು. ಒಂದರಲ್ಲಿ ಚಪಾತಿ ಪಲ್ಯ, ಇನ್ನೊಂದರಲ್ಲಿ ಚಿತ್ರಾನ್ನ. ಮೂರನೆಯದರಲ್ಲಿ ಏನಿತ್ತು ಅಂತ ನೋಡಿ ಹೇಳುವ ಹಾಗಿರಲಿಲ್ಲ. ಹೆಂಡತಿ ಮೂಗು ಮುಚ್ಚಿಕೊಂಡು ಮೂರನ್ನೂ ತಂದು ಸಿಂಕಿನ ಪಕ್ಕ ಸಾಲಾಗಿ ಇಟ್ಟಳು. "ಬೇಡ ಅಂದಿದ್ರೆ ನಾನು ಕಟ್ತಾನೇ ಇರ್ಲಿಲ್ವಲ್ರೀ" ಅಂದಳು. ಬೇಡ ಅಂತ ಅಲ್ಲ. ಊಟ ಮಾಡೋದು ಮರೆತುಹೋಗಿತ್ತು, ಅಷ್ಟೇ. ಆದರೆ ನನ್ನ ಗಾತ್ರದ ಮನುಷ್ಯ ಮೂರು ದಿನ ಊಟ ಮರೆತೆ ಅಂದರೆ ಯಾರು ನಂಬುತ್ತಾರೆ? (ತೂಕದ ಅಂಕಿ ಇಲ್ಲಿ ಬರೆಯೋದಿಲ್ಲ. ಇದೇ ತೊಂದರೆ ಇರುವವರು ಓದಿದರೆ ಮೊದಲು ಮಾಡೋದೇ ಹೋಲಿಸಿಕೊಳ್ಳೋದು, ನಾನೂ ಅದನ್ನೇ ಮಾಡುತ್ತಿದ್ದೆ.)

ಅವಳಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಆ ಮೂರೂ ರಾತ್ರಿ, ಅವಳು ಮಕ್ಕಳು ಮಲಗಿದ ಮೇಲೆ, ಹನ್ನೊಂದೂವರೆ ಹನ್ನೆರಡರ ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿದ್ದೆ. ಲೈಟ್ ಹಾಕುತ್ತಿರಲಿಲ್ಲ, ಫ್ರಿಜ್ಜಿನ ಬೆಳಕೇ ಸಾಕು. ನಿಂತುಕೊಂಡೇ ಶುರು. ಮೊದಲು ಉಳಿದ ಅನ್ನ ಸಾರು, ಆಮೇಲೆ ಅಮ್ಮ ದಾವಣಗೆರೆಯಿಂದ ಕಳಿಸಿದ ಖಾರ ಮಂಡಕ್ಕಿ, ಅದರ ಹಿಂದೆಯೇ ಬಿಸ್ಕತ್ತಿನ ಇಡೀ ಪ್ಯಾಕು, ಮಕ್ಕಳಿಗೆ ಅಂತ ತಂದಿಟ್ಟ ಕೇಕು, ಅದೂ ಮುಗಿದರೆ ಸಕ್ಕರೆ ಕಲಸಿದ ಒಣ ಅವಲಕ್ಕಿ. ಎರಡನೇ ತುತ್ತಿನಾಚೆ ರುಚಿ ಗೊತ್ತಾಗುತ್ತಿರಲಿಲ್ಲ. ಸಾಕು ಅನ್ನೋದು ತಲೆಗೆ ಬರುವಷ್ಟರಲ್ಲಿ ಹೊಟ್ಟೆ ನೋಯುತ್ತಿತ್ತು. ಕೆಲವು ದಿನ ಫೋನಿನಲ್ಲಿ ಬಿರಿಯಾನಿ ತರಿಸಿ, ಬೆಲ್ ಹೊಡೀಬೇಡಿ ಗೇಟ್ ಹತ್ರ ಬರ್ತೀನಿ ಅಂತ ಮೊದಲೇ ಬರೆದು, ಮೆಟ್ಟಿಲ ಮೇಲೆ ಕೂತು ತಿಂದು, ಖಾಲಿ ಡಬ್ಬವನ್ನು ಪಕ್ಕದ ಬೀದಿಯ ಕಸದ ರಾಶಿಗೆ ಎಸೆದು ಬಂದಿದ್ದೇನೆ. ನನಗೆ ಆಗ ಮೂವತ್ತೆಂಟು ವರ್ಷ. ಬ್ಯಾಂಕಿನ ಲೆಕ್ಕಪತ್ರ ನೋಡುವ ಕೆಲಸ, ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡು ಮಕ್ಕಳು.

ನಮ್ಮ ಕಡೆ ಚೆನ್ನಾಗಿ ತಿನ್ನುವ ಗಂಡಸಿಗೆ ಮರ್ಯಾದೆ ಇದೆ. ಮದುವೆ ಮನೆಯಲ್ಲಿ ಎಷ್ಟು ಹೋಳಿಗೆ ಹೊಡೆದ ಅಂತ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಾರೆ. ಊಟ ಬಿಟ್ಟು ದುಡಿಯುವವನಿಗೂ ಮರ್ಯಾದೆ ಇದೆ, "ಪಾಪ, ಬೆಳಿಗ್ಗೆಯಿಂದ ಊಟಕ್ಕೂ ಎದ್ದಿಲ್ಲ" ಅಂತ ಮ್ಯಾನೇಜರ್ ನಾಲ್ಕು ಜನರ ಎದುರು ಹೇಳುತ್ತಾರೆ. ನನಗೆ ಎರಡೂ ಕಡೆಯಿಂದ ಹೊಗಳಿಕೆ ಸಿಗುತ್ತಿತ್ತು. ತಿನ್ನುವ ಕಾಯಿಲೆ ಅಂದರೆ ಮಾಡೆಲ್ ಹುಡುಗಿಯರಿಗೆ ಬರೋದು, ತಿಂದು ವಾಂತಿ ಮಾಡೋದು, ಒಣಗಿ ಕಡ್ಡಿಯಾಗೋದು ಅಂತಲೇ ಅಂದುಕೊಂಡಿದ್ದೆ. ನನ್ನದು ಕಾಯಿಲೆ ಅಲ್ಲ, ನಾಲಿಗೆ ಚಪಲ ಅಂತ ಖಚಿತವಾಗಿ ನಂಬಿದ್ದೆ.

ಹಾಗಾಗಿ ಮದ್ದೂ ಅದಕ್ಕೇ ಮಾಡಿದೆ. ಅನ್ನ ಬಿಟ್ಟೆ. ಪಿಷ್ಟ ಬಿಟ್ಟು ಕೊಬ್ಬಿನಂಶ ಜಾಸ್ತಿ ತಿನ್ನುವ ಕೀಟೋ ಡಯಟ್ ಮಾಡಿದೆ. ಹದಿನಾರು ಗಂಟೆ ಉಪವಾಸದ ಪದ್ಧತಿ ಬಂತಲ್ಲ, ಅದು ನನಗೆ ಹೇಳಿ ಮಾಡಿಸಿದ ಹಾಗಿತ್ತು. ಸಂಜೆ ನಾಲ್ಕರ ತನಕ ಏನೂ ತಿನ್ನದೆ ಇರೋದು ನನಗೆ ಕಷ್ಟವೇ ಅಲ್ಲ, ಕೆಲಸದಲ್ಲಿ ಮುಳುಗಿದರೆ ಬಾತ್‌ರೂಮಿಗೆ ಹೋಗೋದೂ ನೆನಪಿರೋದಿಲ್ಲ. ರಾತ್ರಿ ಮಾತ್ರ ದುಪ್ಪಟ್ಟಾಯಿತು. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಫ್ಯಾಟಿ ಲಿವರ್ ಬಂತು, ಮೂರು ತಿಂಗಳ ಸರಾಸರಿ ಸಕ್ಕರೆ 6.1 ಬಂತು, ಅಂದರೆ ಶುಗರ್ ಬಾಗಿಲಲ್ಲಿ ನಿಂತಿದೆ ಅಂತ. ಡಾಕ್ಟರು ರಿಪೋರ್ಟಿನಿಂದ ತಲೆ ಎತ್ತದೆ "ಬಾಯಿ ಕಟ್ರೀ ಸ್ವಲ್ಪ" ಅಂದರು. ಡಯಟಿಷಿಯನ್ ಒಂದು ಚಾರ್ಟ್ ಕೊಟ್ಟರು. ಅದನ್ನು ಎಲ್ಲಿಟ್ಟೆ ಅಂತ ಇವತ್ತಿಗೂ ಗೊತ್ತಿಲ್ಲ.

ಡಬ್ಬಿ ಸಿಕ್ಕ ವಾರದಲ್ಲೇ ಒಂದು ರಾತ್ರಿ ತಿಂದು ಮುಗಿಸಿ ನೆಲದ ಮೇಲೆ ಕೂತಿದ್ದೆ. ಅಳು ಬರುತ್ತಿತ್ತು, ಹೊಟ್ಟೆ ತುಂಬಿದ್ದಕ್ಕೆ ಅಳಲೂ ಆಗುತ್ತಿರಲಿಲ್ಲ. ಫೋನಿನಲ್ಲಿ ಏನೋ ಹುಡುಕುತ್ತಾ ಟೆಲಿ ಮಾನಸ್ ನಂಬರ್ ಸಿಕ್ಕಿತು, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಅದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಿದರು. ಎತ್ತಿದವರು ಒಬ್ಬ ಹೆಣ್ಣುಮಗಳು. ನಾನು "ಸುಮ್ನೆ ಕೇಳೋಣ ಅಂತ ಮಾಡಿದೆ" ಅಂತ ಶುರು ಮಾಡಿ ಮುಕ್ಕಾಲು ಗಂಟೆ ಮಾತಾಡಿದೆ. ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಬೆಳಿಗ್ಗೆಯಿಂದ ಏನು ತಿಂದಿದ್ರಿ ಸರ್?" ಅಂತ ಕೇಳಿದರು. ಯೋಚಿಸಿದೆ. ಎರಡು ಕಾಫಿ. ಹಿಂದಿನ ದಿನ? ನೆನಪಿಲ್ಲ. "ಮಾನಸಿಕ ತಜ್ಞರನ್ನ ಒಮ್ಮೆ ನೋಡಿ" ಅಂದರು.

ನೋಡಿದೆ. ಮೊದಲನೆಯವರು ಹತ್ತು ನಿಮಿಷದಲ್ಲಿ ಖಿನ್ನತೆ ಅಂತ ಮಾತ್ರೆ ಬರೆದರು. ಪೂರ್ತಿ ತಪ್ಪು ಅಂತ ಹೇಳಲಾರೆ. ನಾಲ್ಕೈದು ವಾರಕ್ಕೆ ಮನಸ್ಸು ಸ್ವಲ್ಪ ಹಗುರಾಯಿತು, ಆದರೆ ತಿನ್ನೋದು ಹಾಗೇ ಇತ್ತು. ಬೇಜಾರಿಲ್ಲದೆ ತಿನ್ನುತ್ತಿದ್ದೆ, ಅಷ್ಟೇ ವ್ಯತ್ಯಾಸ. ಫಾಲೋಅಪ್‌ಗೆ ಎರಡು ಸಲ ತಾರೀಖು ತಪ್ಪಿಸಿಕೊಂಡೆ, ಮೂರನೇ ಸಲ ಹೋಗೋಕೆ ನಾಚಿಕೆಯಾಗಿ ಬಿಟ್ಟೇಬಿಟ್ಟೆ. ಹೀಗೆ ಬಿಟ್ಟ ಡಾಕ್ಟರು, ಜಿಮ್ಮು, ಕೋರ್ಸುಗಳ ಪಟ್ಟಿ ದೊಡ್ಡದಿದೆ.

ಎರಡನೆಯವರ ಹತ್ತಿರ ಹೆಂಡತಿ ಜೊತೆಗೆ ಬಂದಳು. ಆ ವೇಳೆಗೆ ಅವಳಿಗೆ ಎಲ್ಲ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಡಕ್ಕಿ ಡಬ್ಬ ಖಾಲಿ ಆಗೋದು ನಂಗೂ ಗೊತ್ತಾಗ್ತಿತ್ತು ರೀ" ಅಂದಿದ್ದಳು. ಅಷ್ಟು ವರ್ಷದ ಕಳ್ಳಾಟ, ಅವಳು ನೋಡಿಯೂ ಸುಮ್ಮನಿದ್ದಳು ಅಂತ ತಿಳಿದಾಗ ಆದ ನಾಚಿಕೆ ತಿಂದಿದ್ದಕ್ಕೂ ಆಗಿರಲಿಲ್ಲ.

ಈ ಡಾಕ್ಟರು ಮೇಡಂ ಮೊದಲು ತಿನ್ನುವುದರ ಬಗ್ಗೆ ಕೇಳಿದರು. ಬೇಗ ಬೇಗ ತಿಂತೀರಾ, ಹಸಿವಿಲ್ಲದಾಗಲೂ ತಿಂತೀರಾ, ಒಬ್ಬರೇ ಇದ್ದಾಗ ತಿಂತೀರಾ, ನಿಲ್ಲಿಸೋಕೆ ಆಗೋದಿಲ್ವಾ, ಆಮೇಲೆ ಅಸಹ್ಯ ಆಗುತ್ತಾ. ವಾಂತಿ ಮಾಡಿಕೊಳ್ತೀರಾ ಅನ್ನೋದನ್ನು ಬೇರೆ ಬೇರೆ ರೀತಿಯಲ್ಲಿ ಮೂರು ಸಲ ಕೇಳಿದರು. ಯಾಕೆ ಇಷ್ಟು ಅಂತ ಆಮೇಲೆ ಗೊತ್ತಾಯಿತು. ವಾಂತಿ ಮಾಡಿಕೊಳ್ಳುವವರದು ಬೇರೆ ಕಾಯಿಲೆ, ಬುಲಿಮಿಯಾ. ಗಮನದ ತೊಂದರೆಗೂ ಖಿನ್ನತೆಗೂ ಕೆಲವು ಸಲ ಕೊಡುವ ಬ್ಯುಪ್ರೊಪಿಯಾನ್ ಅನ್ನೋ ಮಾತ್ರೆ ಅಂಥವರಿಗೆ ಕೊಡಬಾರದು, ಫಿಟ್ಸ್ ಬರುವ ಅಪಾಯ ಜಾಸ್ತಿ. ಅಂದರೆ ನಾಚಿಕೆಪಟ್ಟು ಡಾಕ್ಟರ ಹತ್ತಿರ ಮುಚ್ಚಿಟ್ಟರೆ ಪೆಟ್ಟು ನಮಗೇ. ನನ್ನದು ಬಿಂಜ್ ಈಟಿಂಗ್ ಡಿಸಾರ್ಡರ್, ಅಂದರೆ ತಡೆಯಲಾಗದೆ ಒಮ್ಮೆಗೇ ಅತಿಯಾಗಿ ತಿನ್ನುವ ಕಾಯಿಲೆ. ವಾರಕ್ಕೆ ಒಂದು ಸಲವಾದರೂ, ಮೂರು ತಿಂಗಳಿನಿಂದ ಹೀಗಾಗುತ್ತಿದ್ದರೆ ಆ ಹೆಸರು ಕೊಡುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿದ್ದೇ 2013ರಲ್ಲಿ.

ನಾನು ಅಲ್ಲಿಗೆ ಮುಗೀತು ಅಂದುಕೊಂಡೆ. ಮುಗಿಯಲಿಲ್ಲ, ಯಾಕೆಂದರೆ ಅವರು ಪ್ರಶ್ನೆ ಕೇಳುತ್ತಿದ್ದಾಗ ನಾನು ಅವರ ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ, ಕಿಟಕಿಯಾಚೆ ಯಾರೋ ಗಾಡಿ ಹಿಂದೆ ತೆಗೆಯೋದನ್ನು ನೋಡುತ್ತಾ ಕೂತಿದ್ದೆನಂತೆ. ಎರಡು ಪ್ರಶ್ನೆ ಮತ್ತೆ ಕೇಳಬೇಕಾಯಿತಂತೆ. "ಚಿಕ್ಕಂದಿನಿಂದ ಹೀಗೇನಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ "ಮೇಡಂ, ಇವರು ನಮ್ಮ ನಿಶ್ಚಿತಾರ್ಥದ ದಿನ ಉಂಗುರ ಆಟೋದಲ್ಲಿ ಬಿಟ್ಟು ಬಂದಿದ್ರು" ಅಂದಳು.

ಅವರಿಗೆ ಎಡಿಎಚ್‌ಡಿ ಅನುಮಾನ ಬಂದಿತ್ತು, ಅಂದರೆ ಗಮನ ಒಂದು ಕಡೆ ನಿಲ್ಲದ, ತಡೆದುಕೊಳ್ಳೋಕೆ ಆಗದ ತೊಂದರೆ. ಹದಿನೆಂಟು ಪ್ರಶ್ನೆಗಳ ಒಂದು ಹಾಳೆ ತುಂಬಿಸಲು ಕೊಟ್ಟರು, ವಿಶ್ವ ಆರೋಗ್ಯ ಸಂಸ್ಥೆಯವರದು. ಅದರಿಂದಲೇ ತೀರ್ಮಾನ ಮಾಡೋದಿಲ್ಲ, ಅದು ಸೋಸುವ ಜರಡಿ ಅಷ್ಟೇ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಮೂರು ಸಲ ಹೋಗಬೇಕಾಯಿತು. ಎಡಿಎಚ್‌ಡಿ ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗೋದಿಲ್ಲ, ಹನ್ನೆರಡು ವರ್ಷದ ಒಳಗೇ ಲಕ್ಷಣ ಇದ್ದಿರಬೇಕು ಅನ್ನೋದು ನಿಯಮ. ಅದಕ್ಕೆ ಸಾಕ್ಷಿ ಬೇಕು. ಅಮ್ಮನಿಗೆ ಫೋನ್ ಮಾಡಿ ಶಾಲೆಯ ಪ್ರಗತಿ ಪತ್ರ ಇದೆಯಾ ಅಂತ ಕೇಳಿದೆ. ಟ್ರಂಕಿನಲ್ಲಿ ಇತ್ತು! ನಾಲ್ಕನೇ ತರಗತಿಯದು: "ಬುದ್ಧಿವಂತ, ಆದರೆ ಚಂಚಲ." ಐದನೆಯದು: "ಮಾತು ಹೆಚ್ಚು. ಪುಸ್ತಕ ತರುವುದಿಲ್ಲ." ಮೂವತ್ತು ವರ್ಷದ ಹಿಂದೆಯೇ ಮೇಷ್ಟ್ರು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದರು.

ಸೈಕಾಲಜಿಸ್ಟ್ ಅಮ್ಮನ ಜೊತೆ ಸ್ಪೀಕರಿನಲ್ಲಿ ಮಾತಾಡಿದರು. "ಊಟಕ್ಕೆ ಕೂತ್ರೆ ಎರಡು ತುತ್ತು ತಿಂದು ಎದ್ದು ಓಡೋನು. ತಟ್ಟೆ ಅಲ್ಲೇ ಇರ್ತಿತ್ತು. ಆಮೇಲೆ ರಾತ್ರಿ ನೋಡಿದ್ರೆ ಬೆಲ್ಲದ ಡಬ್ಬಿಗೆ ಕೈ ಹಾಕಿರೋನು" ಅಂದಳು ಅಮ್ಮ. ನಾನು ಬೆಚ್ಚಿದೆ. ನನಗೆ ಅದು ನೆನಪೇ ಇರಲಿಲ್ಲ. ಕೊನೆಗೆ ಅಮ್ಮ ಕೇಳಿದಳು, "ಇದೆಲ್ಲ ಕಾಯಿಲೆ ಏನ್ರೀ? ಅವರಪ್ಪನೂ ಹಿಂಗೇ ಇದ್ರಲ್ಲ." ಅಪ್ಪನಿಗೆ ದಾವಣಗೆರೆಯ ಚೌಕಿಪೇಟೆ ಕಡೆ ಅಂಗಡಿ ಇತ್ತು. ಖಾತೆ ಪುಸ್ತಕ ಕಳೆಯೋದು, ಮಧ್ಯಾಹ್ನ ಮನೆಗೆ ಬಾರದೆ ಇರೋದು, ರಾತ್ರಿ ಹನ್ನೊಂದಕ್ಕೆ ಬಂದು ಮಾಡಿಟ್ಟ ಅನ್ನವೆಲ್ಲ ಒಬ್ಬರೇ ಉಣ್ಣೋದು. ಈ ತೊಂದರೆ ಮನೆತನದಲ್ಲಿ ಹರಿದು ಬರೋದು ತುಂಬ ಜಾಸ್ತಿ ಅಂತ ಸೈಕಾಲಜಿಸ್ಟ್ ಹೇಳಿದರು. ಅಪ್ಪ ಶುಗರ್ ಆಗಿ ಹೋದರು. ಅವರ ಬಗ್ಗೆ ನನಗಿದ್ದ ಒಂದಿಷ್ಟು ಸಿಟ್ಟು ಅವತ್ತು ಎಲ್ಲಿಗೋ ಹೋಯಿತು.

ಎರಡೂ ಇವೆ ಅಂತ ತೀರ್ಮಾನವಾಯಿತು. ಎಡಿಎಚ್‌ಡಿ ಇರುವವರಲ್ಲಿ ತಿನ್ನುವ ಕಾಯಿಲೆ ಬರುವ ಸಾಧ್ಯತೆ ಇಲ್ಲದವರಿಗಿಂತ ಹಲವು ಪಟ್ಟು ಜಾಸ್ತಿ, ಇದು ಬೇರೆ ಬೇರೆ ದೇಶದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ ಅಂದರು ಮೇಡಂ. ನಾನು "ಅಂದರೆ ಕಂಟ್ರೋಲ್ ಇಲ್ಲದ್ದಕ್ಕೆ ತಿಂತೀನಿ, ಅಲ್ವಾ?" ಅಂದೆ. ಅದು ಅರ್ಧ ಮಾತ್ರ ಅಂದರು. ಕೈ ತಡೆಯಲಾಗದೆ ತಿನ್ನೋದು, ಬೇಸರ ಬಂದಾಗ ಮೆದುಳು ಸುಲಭವಾಗಿ ಸಿಗುವ ಸುಖ ಹುಡುಕೋದು, ಅವೆಲ್ಲ ಇವೆ. ಆದರೆ ನನ್ನ ವಿಷಯದಲ್ಲಿ ಅವರು ಬೆರಳಿಟ್ಟು ತೋರಿಸಿದ್ದು ಹಗಲನ್ನು. ಹಸಿವು ಅನ್ನೋದು ದೇಹ ಕೊಡುವ ಒಂದು ಸೂಚನೆ, ಅದನ್ನು ಗಮನಿಸೋಕೂ ಗಮನ ಬೇಕು. ನನ್ನ ಗಮನ ಒಂದು ಕಡೆ ಕಚ್ಚಿಕೊಂಡರೆ ಹೊಟ್ಟೆ ಕೂಗಿದ್ದು ಕೇಳಿಸೋದಿಲ್ಲ. ರಾತ್ರಿ ಮನೆಯೆಲ್ಲ ನಿಶ್ಶಬ್ದವಾಗಿ, ತಲೆ ದಣಿದು ಕೂತಾಗ, ಇಡೀ ದಿನದ ಹಸಿವು ಒಟ್ಟಿಗೆ ಕೇಳಿಸುತ್ತದೆ. ಆಗ ತಡೆಯುವ ಶಕ್ತಿ ದಿನದಲ್ಲೇ ಕಡಿಮೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ್ದರಂತೆ. ಆಮೇಲೆ ಊಟ ಬಿಟ್ಟುಕೊಟ್ಟಾಗ ಅವರಲ್ಲಿ ಹಲವರು ಎಷ್ಟು ತಿಂದರೂ ತೃಪ್ತಿಯಾಗದೆ ತಿಂದೇ ತಿಂದರಂತೆ. ಅವರಿಗೆ ಯಾವ ಚಪಲವೂ ಇರಲಿಲ್ಲ.

ಅಂದರೆ ನಾನು ಇಪ್ಪತ್ತು ವರ್ಷ ರಾತ್ರಿಗೆ ಬೀಗ ಹಾಕುತ್ತಾ ಕೂತಿದ್ದೆ, ಕಳ್ಳ ಮಧ್ಯಾಹ್ನ ಬರುತ್ತಿದ್ದ. ನಾನು ಮಾಡಿದ ಒಂದೊಂದು ಡಯಟ್ಟೂ ಅವನಿಗೆ ಬಾಗಿಲು ತೆಗೆದುಕೊಟ್ಟಿತ್ತು.

ಈಗ ಮಾತ್ರೆಯ ಕಥೆ. ಬಿಪಿ ನೋಡಿ, ಇಸಿಜಿ ಮಾಡಿಸಿ, ಎಡಿಎಚ್‌ಡಿಗೆ ಅಂತ ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಇದು 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ, ಚೀಟಿ ಇಲ್ಲದೆ ಕೊಡೋದಿಲ್ಲ, ಎಲ್ಲ ಕಡೆ ಇಟ್ಟಿರೋದೂ ಇಲ್ಲ. ಏಳು ಮೆಡಿಕಲ್ ಶಾಪ್ ಸುತ್ತಿದೆ. ಒಬ್ಬರು ಚೀಟಿ ಓದಿ ನನ್ನ ಮುಖವನ್ನು ಒಮ್ಮೆ ನೋಡಿದ ರೀತಿ ಇದೆಯಲ್ಲ, ಬಿಡಿ. ಮರೆವಿನ ಕಾಯಿಲೆ ಇರುವವನು ತಿಂಗಳು ತಿಂಗಳು ತಾರೀಖು ನೆನಪಿಟ್ಟುಕೊಂಡು, ಹೊಸ ಚೀಟಿ ಬರೆಸಿಕೊಂಡು, ಅದನ್ನು ಕಳೆಯದೆ ಊರೆಲ್ಲ ಸುತ್ತಿ ಔಷಧಿ ತರಬೇಕು. ಆ ಕಾಯಿಲೆ ವಾಸಿಯಾದವನಿಗೇ ಔಷಧಿ ಸಿಗೋದು ಅನ್ನೋ ಹಾಗೆ.

ಮೊದಲ ದಿನ ಮಾತ್ರೆ ತಗೊಂಡು ಮುಕ್ಕಾಲು ಗಂಟೆಗೆ ತಲೆಯೊಳಗೆ ಯಾರೋ ಮಿಕ್ಸಿ ಆಫ್ ಮಾಡಿದ ಹಾಗಾಯಿತು. ಅಷ್ಟು ದಿನ ಮಿಕ್ಸಿ ಓಡುತ್ತಿತ್ತು ಅಂತ ಗೊತ್ತಾಗಿದ್ದೇ ಆಗ. ಒಂದು ಇಮೇಲನ್ನು ಮೊದಲಿಂದ ಕೊನೆ ತನಕ ಓದಿ ಉತ್ತರ ಬರೆದೆ. ಹಾಗೇ ಹಸಿವೂ ಆಫ್ ಆಯಿತು. ಮೊದಲೇ ಕೇಳಿಸದ ಹಸಿವು, ಈಗ ಇಲ್ಲವೇ ಇಲ್ಲ. ಹಸಿವು ಕಡಿಮೆ ಮಾಡೋದು ಈ ಮಾತ್ರೆಯ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಮೇಡಂ ಹೇಳಿದ್ದರು. ನಾನು ಅದನ್ನು ಅಡ್ಡಪರಿಣಾಮ ಅಂತ ತಗೊಳ್ಳಲಿಲ್ಲ, ಬೋನಸ್ ಅಂತ ತಗೊಂಡೆ. ಎರಡು ತಿಂಗಳಲ್ಲಿ ಪ್ಯಾಂಟು ಸಡಿಲವಾಯಿತು. ಆಫೀಸಿನಲ್ಲಿ, ಮದುವೆಗಳಲ್ಲಿ, ಲಿಫ್ಟಿನಲ್ಲಿ ಎಲ್ಲರೂ "ಏನ್ ಸಾರ್ ಮಾಡ್ತಿದ್ದೀರಾ, ನಮಗೂ ಹೇಳ್ರಿ" ಅಂತ ಶುರು ಮಾಡಿದರು. ನನ್ನ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ಹೊಗಳಿರಲಿಲ್ಲ. ಬೆಳಿಗ್ಗೆಯ ತಿಂಡಿಯನ್ನೂ ಬೇಕಂತಲೇ ಬಿಡತೊಡಗಿದೆ. ಇದನ್ನು ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮತ್ತೆ ಕಳ್ಳಾಟವೇ, ಈ ಸಲ ತಿನ್ನದೆ.

ನನಗೆ ಕೊಟ್ಟಿದ್ದ ಮಾತ್ರೆಯ ಪ್ರಭಾವ ಎಂಟು-ಹತ್ತು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ತಗೊಂಡರೆ ಸಂಜೆ ಹೊತ್ತಿಗೆ ಇಳಿಯುತ್ತದೆ, ಇಳಿದಾಗ ಹಸಿವು ಬಡ್ಡಿ ಸಮೇತ ಬರುತ್ತದೆ. ಒಂದು ಶುಕ್ರವಾರ ಕ್ವಾರ್ಟರ್ ಕ್ಲೋಸಿಂಗ್ ಮುಗಿಸಿ ಬಂದೆ, ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ಅವತ್ತು ಏನೇನು ತಿಂದೆ ಅಂತ ಪೂರ್ತಿ ಬರೆಯೋದಿಲ್ಲ. ಹಸಿ ಶಾವಿಗೆ ಕೂಡ ತಿಂದಿದ್ದೆ ಅಂದರೆ ಸಾಕು. ಮುಗಿದ ಮೇಲೆ ಮೊದಲ ಬಾರಿಗೆ ಬಾತ್‌ರೂಮಿನಲ್ಲಿ ಬಗ್ಗಿ ನಿಂತು, ಬಾಯಿಗೆ ಬೆರಳು ಹಾಕಲೋ ಬೇಡವೋ ಅಂತ ಯೋಚಿಸಿದೆ. ಹಾಕಲಿಲ್ಲ. ಆದರೆ ಯೋಚಿಸಿದೆ ಅನ್ನೋದೇ ಸಾಕಷ್ಟು ಹೆದರಿಸಿತು. ಬೆಳಿಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿದೆ.

ಮೇಡಂಗೆ ಸಿಟ್ಟು ಬರಲಿಲ್ಲ. ಮಾತ್ರೆಯ ಪ್ರಮಾಣ ಇಳಿಸಿದರು. ನಿಯಮ ಒಂದೇ: ತಿಂಡಿ ತಿನ್ನದೆ ಮಾತ್ರೆ ಇಲ್ಲ. ತೂಕದ ಯಂತ್ರ ಮನೆಯಿಂದ ಹೊರಗೆ ಹೋಗಬೇಕು, ತೂಕ ನೋಡೋದು ಅವರ ಕ್ಲಿನಿಕ್ಕಿನಲ್ಲಿ ಮಾತ್ರ. ಅದರ ಜೊತೆಗೆ ಸೈಕಾಲಜಿಸ್ಟ್ ಹತ್ತಿರ ಸಿಬಿಟಿ ಅನ್ನೋ ಚಿಕಿತ್ಸೆ, ಮಾತಾಡುತ್ತಾ ಯೋಚನೆ, ಅಭ್ಯಾಸ ಬದಲಿಸುವಂಥದ್ದು, ವಾರಕ್ಕೆ ಒಂದು ಸಲ.

ಚಿಕಿತ್ಸೆ ಅಂದರೆ ಬಾಲ್ಯದ ಗಾಯ ಕೆದಕುತ್ತಾರೆ ಅಂದುಕೊಂಡು ಹೋದೆ. ಅಲ್ಲಿ ಮೊದಲ ಆರು ವಾರ ಮಾತಾಡಿದ್ದೆಲ್ಲ ಊಟದ ಟೈಮಿನ ಬಗ್ಗೆ! ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವು ಇರಬಾರದು. ಹಸಿವಾಗಲಿ ಬಿಡಲಿ ತಿನ್ನಬೇಕು. ಏನು ತಿಂದೆ ಅಂತ ತಿಂದಾಗಲೇ ಡೈರಿಯಲ್ಲಿ ಬರೆಯಬೇಕು. ಇಲ್ಲಿ ಸಿಕ್ಕಿಬಿದ್ದೆ. ಡೈರಿ ಎಲ್ಲಿ? ಪೆನ್ ಎಲ್ಲಿ? ಮೂರು ವಾರ ಖಾಲಿ ಹಾಳೆ ಹಿಡಿದು ಹೋದೆ. ಮೊದಲಾದರೆ ಇಲ್ಲಿಗೇ ನಾಲ್ಕನೇ ವಾರ ತಪ್ಪಿಸಿಕೊಂಡು, ಬಿಟ್ಟುಬಿಡುತ್ತಿದ್ದೆ. ಸೈಕಾಲಜಿಸ್ಟ್ ತಾವೇ ಹೇಳಿದರು, "ನಿಮ್ಮಂಥವರಿಗೆ ಈ ಹಾಳೆ ಆಗೋದಿಲ್ಲ ಬಿಡಿ. ತಟ್ಟೆದೊಂದು ಫೋಟೋ ತೆಗೀರಿ, ಸಾಕು." ಫೋಟೋ ಆಯಿತು. ತಿನ್ನುವ ಕಾಯಿಲೆಯ ಚಿಕಿತ್ಸೆ ಗೊತ್ತಿದ್ದೂ ಎಡಿಎಚ್‌ಡಿ ಅರ್ಥವಾಗದವರು ಸಿಕ್ಕಿದ್ದರೆ, ಇವನಿಗೆ ಮನಸ್ಸಿಲ್ಲ ಅಂತ ಫೈಲ್ ಮುಚ್ಚುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ.

ಅಲಾರಂ ಇಟ್ಟೆ. ನಾಲ್ಕು ದಿನ ಕೇಳಿಸಿತು, ಐದನೇ ದಿನದಿಂದ ಕೈ ತಾನಾಗೇ ಆಫ್ ಮಾಡುತ್ತಿತ್ತು. ಮನುಷ್ಯರೇ ಬೇಕು ಅಂತ ಗೊತ್ತಾಯಿತು. ಪಕ್ಕದ ಸೀಟಿನ ಹಿರಿಯರೊಬ್ಬರಿಗೆ, ಶುಗರ್ ಇದೆ ಟೈಮಿಗೆ ತಿನ್ನಬೇಕು ಅಂತ ಅರ್ಧ ಸತ್ಯ ಹೇಳಿದೆ. ಅವರು ಮಧ್ಯಾಹ್ನ ಒಂದೂಕಾಲಿಗೆ ಸರಿಯಾಗಿ ಬಂದು ನನ್ನ ಕುರ್ಚಿ ಹಿಂದಕ್ಕೆ ಎಳೆಯುತ್ತಾರೆ. "ಏಳಪ್ಪಾ, ಅನ್ನದ ದೇವರು ಕಾಯ್ತಾನಾ?" ಅಂತಾರೆ. ಸಂಬಳ ತಗೊಳ್ಳದ ನರ್ಸು. ಮನೆಯಲ್ಲಿ ತರಕಾರಿಯನ್ನು ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಇಡೋದು ನಿಲ್ಲಿಸಿದೆವು, ಕಣ್ಣಿಗೆ ಕಾಣದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಬೇಯಿಸಿದ ಮೊಟ್ಟೆ, ಹುರಿಗಡಲೆ, ಬಾಳೆಹಣ್ಣು, ಮೊಸರನ್ನ, ಇವು ಎದುರಿಗೇ ಇರುತ್ತವೆ. ದಿನಾ ಮೊಸರನ್ನ ತಿಂದರೆ ಏನು ಪೌಷ್ಟಿಕತೆ ಅಂತ ಅಕ್ಕ ಕೇಳಿದಳು. ತಿನ್ನದೇ ಬಿಟ್ಟ ನವಣೆ ಉಪ್ಪಿಟ್ಟಿಗಿಂತ ತಿಂದ ಮೊಸರನ್ನ ಒಳ್ಳೇದು ಅಂದೆ. ಇದು ಎಲ್ಲರಿಗೂ ಹೊಂದುತ್ತದೆ ಅಂತ ಅಲ್ಲ, ನನಗೆ ಹೊಂದಿದ್ದು.

ಒಂದೂವರೆ ವರ್ಷವಾಯಿತು. ಮೊದಲು ವಾರಕ್ಕೆ ನಾಲ್ಕೈದು ರಾತ್ರಿ ಆಗುತ್ತಿದ್ದದ್ದು ಈಗ ತಿಂಗಳಿಗೆ ಒಂದೋ ಎರಡೋ. ಹೋದ ತಿಂಗಳು ಅಪ್ಪನ ತಿಥಿಗೆ ಊರಿಗೆ ಹೋದಾಗ ಆಯಿತು, ಹೋಗೋ ಅವಸರದಲ್ಲಿ ಮಾತ್ರೆ ಬೆಂಗಳೂರಲ್ಲೇ ಬಿಟ್ಟಿದ್ದೆ. ರಾತ್ರಿ ವಡೆಯ ಪಾತ್ರೆ ಹತ್ತಿರ ನಿಂತಿದ್ದಾಗ ಅಮ್ಮ ಎದ್ದು ಬಂದಳು. ಲೈಟ್ ಹಾಕಿದಳು. "ಕೂತ್ಕೊಂಡು ತಿನ್ನಪ್ಪಾ" ಅಂತ ಮಣೆ ಕೊಟ್ಟು, ಎದುರಿಗೆ ಕೂತಳು. ಕೂತು, ಬೆಳಕಿನಲ್ಲಿ, ಒಬ್ಬರ ಎದುರು ತಿನ್ನೋಕೆ ಶುರು ಮಾಡಿದರೆ ಮೂರನೇ ವಡೆಗೆ ಸಾಕು ಅನಿಸಿತು. ಅದನ್ನು ಸೈಕಾಲಜಿಸ್ಟ್‌ಗೆ ಹೇಳಿದಾಗ ನಕ್ಕು, ಏನೋ ಬರೆದುಕೊಂಡರು.

ಸಕ್ಕರೆ ಈಗ 5.8. ತೂಕ ಅಂಥಾ ಇಳಿದಿಲ್ಲ, ಪ್ಯಾಂಟು ಮತ್ತೆ ಬಿಗಿಯಾಗಿದೆ, ಹೊಗಳೋರೂ ನಿಂತಿದ್ದಾರೆ. ನಿನ್ನೆ ಸಂಜೆ ಹೆಂಡತಿ ಬ್ಯಾಗಿನಿಂದ ಡಬ್ಬಿ ತೆಗೆದಳು. ಪೂರ್ತಿ ಖಾಲಿ, ಒಂದು ಅಗುಳೂ ಇಲ್ಲ. ಅವಳು ಬ್ಯಾಗನ್ನು ಮತ್ತೊಮ್ಮೆ ತಡಕಾಡಿ, ತಲೆಕೆಳಗು ಮಾಡಿ ಕೊಡವಿ ಕೇಳಿದಳು, "ಮುಚ್ಚಳ ಎಲ್ರೀ?"